ಅಂಟುವಾಳದ ನೊರೆ

"ಎಂತ ಹಾಕ್ದ್ರಿ ಇದಕ್ಕೆ?"

ಮೋಕ್ಷಿತಾಳ ಕೂಗಿಗೆ ಇಡೀ ಲ್ಯಾಬ್ ತಿರುಗಿ ನೋಡಿತು. ಗಾಜಿನ ತೊಟ್ಟಿಯತ್ತ ಬಗ್ಗಿದ್ದ ರತನ್ ಬೆಚ್ಚಿ ನೆಟ್ಟಗಾದ.

ಕೋಟೇಶ್ವರದ ಆ ಕಾಲೇಜಿಗೆ ಫಿಸಿಕ್ಸ್ ಕಲಿಸಲು ಬಂದಾಗಿನಿಂದ ಅವಳು ಈ ಕೆಮಿಸ್ಟ್ರಿ ಮೇಷ್ಟ್ರನ್ನು ಕದ್ದು ಕದ್ದು ನೋಡಿದ್ದೇ ಬಂತು. ಮೊದಲ ಮಾತು ಏನಾಡಲಿ ಎಂದು ಅಳೆದೂ ಸುರಿದೂ... ಕೊನೆಗೆ ಆಡಿದ್ದು ಇದು!

ತೊಟ್ಟಿಯಲ್ಲಿ ಕೆಳಗೆ ನೀಲಿ ಶಾಯಿ ಬೆರೆಸಿದ ನೀರು, ಮೇಲೆ ಅರಿಸಿನ ಕದಡಿದ ತೆಂಗಿನೆಣ್ಣೆ. ಅಡಿಯಿಂದ ಕಾಯಿಸಿದರೆ ಎರಡೂ ಹುಚ್ಚೆದ್ದು ಸುಳಿಯಬೇಕು, ನೀರಿನ ಬಿಸಿ ಎಣ್ಣೆಗೆ ದಾಟಬೇಕು, ಆದರೂ ನಡುವಿನ ಗೆರೆ ಅಳಿಯಬಾರದು. ಈಗ ನೋಡಿದರೆ ಎಲ್ಲ ಕಲಸಿ ಹಸಿರು ಮಜ್ಜಿಗೆ!

"ನಾನ್ ಎಂತದೂ ಹಾಕ್ಲಿಲ್ಲ ಮೇಡಂ. ಒಂದ್ ಮಾತ್ ಹೇಳುಕ್ ಬಂದದ್..."

"ಹೇಳುದ್ ಬೇಡ! ನನ್ ಕ್ಲಾಸ್ ಹಾಳ್ ಮಾಡುಕೇ ಬಂದದ್ ನೀವ್!"

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ರತನ್‌ನ ಕಿವಿ ಕೆಂಪಾಯಿತು. ತಲೆತಗ್ಗಿಸಿ ಹೊರಟುಹೋದ.

ಸಂಜೆ ಅವಳು ತೊಟ್ಟಿಯನ್ನು ಬೀಜಾಡಿಯ ತನ್ನ ಮನೆಗೆ ತಂದು ತೊಳೆಯಲು ಕೂತಳು. ಕೈ ತಾನಾಗಿ ಅಂಟುವಾಳದ ನೀರಿಗೆ ಹೋಯಿತು. ಎಣ್ಣೆಜಿಡ್ಡಿಗೆ ಅಮ್ಮ ಜಲಜ ಬೇರೇನನ್ನೂ ಒಪ್ಪುವುದಿಲ್ಲ.

"ಇವತ್ತಾರೂ ಸಮ ತೊಳಿ ಮಗಾ," ಅಮ್ಮ ಒಳಗಿಂದ ಕೂಗಿದರು. "ನಿನ್ನೆ ನೊರೆ ಹಾಂಗೇ ಬಿಟ್ ಬೆಳಿಗ್ಗೆ ತಕಂಡ್ ಹೋದೆ!"

ನೊರೆ!

ಅವಳ ಕೈ ನಿಂತಿತು. ಎಣ್ಣೆಯನ್ನೂ ನೀರನ್ನೂ ಕಲಸಿದ್ದು ಆ ನೊರೆಯೇ... ಅಂದರೆ ತಾನೇ! ಪಾಠ ಹೇಳುವವಳಿಗೆ ಇಷ್ಟೂ ಹೊಳೆಯಲಿಲ್ಲವೇ? ಕಣ್ಣು ಮುಚ್ಚಿದರೂ ಆ ಕೆಂಪು ಕಿವಿಯೇ ಕಾಣುತ್ತಿತ್ತು. ನಾಚಿಕೆಗೆ ರಾತ್ರಿ ಅನ್ನ ಸೇರಲಿಲ್ಲ. 'ಇನ್ನು ಅವರು ನನ್ನ ಮುಖ ನೋಡುತ್ತಾರಾ?'

ಮರುದಿನ ಅದೇ ಕ್ಲಾಸಿಗೆ ಅವನನ್ನು ಕರೆದಳು. ಅವನು ಬಾಗಿಲಲ್ಲೇ ನಿಂತ. ಅವಳು ಮಕ್ಕಳತ್ತ ತಿರುಗಿದಳು.

"ನಿನ್ನೆ ತಪ್ಪ್ ನಂದು. ತೊಟ್ಟಿಯಲ್ಲಿ ಅಂಟುವಾಳದ ನೊರೆ ಇದ್ದಿತ್, ನಾನೇ ಸಮ ತೊಳಿಲಿಲ್ಲ. ಸರ್‌ಗೆ ಎಲ್ಲರ ಎದುರ್ ಬೈದೆ... ಎಲ್ಲರ ಎದುರೇ ಕ್ಷಮೆ ಕೇಂತೆ."

ಯಾರೂ ನಗಲಿಲ್ಲ. ಚೆನ್ನಾಗಿ ತೊಳೆದ ತೊಟ್ಟಿಯನ್ನು ಅವಳು ಮತ್ತೆ ಕಾಯಿಸಿದಳು; ನೀಲಿ, ಹಳದಿ ಎರಡೂ ಗಿರಗಿರನೆ ಸುಳಿದವು. ಗೆರೆ ಅಲುಗಾಡಿತು, ಅಳಿಯಲಿಲ್ಲ.

ಮಕ್ಕಳು ಹೋದ ಮೇಲೆ ಅವಳು ನೆಲ ನೋಡುತ್ತಲೇ ಕೇಳಿದಳು.

"ನಿಮ್ಗ್ ನೊರೆ ಕಂಡಿದ್ದಿತ್ ಅಲ್ದಾ? ಎಂತಕ್ಕೆ ಹೇಳ್ಲಿಲ್ಲ?"

"ಎಲ್ಲರ ಎದುರ್ ಹೇಳಿರೆ ಮಕ್ಕಳ್ ನಿಮ್ಮನ್ ಕಂಡ್ ನೆಗಾಡ್ತಿದ್ರ್."

ಅವಳ ಕಣ್ಣು ತುಂಬಿತು. "ಬಂದಂದಿನಿಂದ ನಿಮ್ಮತ್ರ ಮಾತಾಡ್ಕ್ ಅಂದೇಳಿ ಆಸೆ ಇದ್ದಿತ್... ಕಡಿಗೆ ಹೀಂಗ್ ಆಯ್ತ್."

"ನಂಗೂ ಇದ್ದಿತ್. ನಿನ್ನೆ ಹತ್ರ ಬಪ್ಪುಕೆ ನೊರೆ ಬರೀ ನೆವ!"

ಅವಳು ತಟ್ಟನೆ ತಲೆಯೆತ್ತಿದಳು. ಅವನ ಕಿವಿ ಮತ್ತೆ ಕೆಂಪಾಗಿತ್ತು!

"ಹಾಂಗಾರೆ... ನಾಳಿಗೂ ಅಂಟುವಾಳ ತರ್ಕಾ?"

"ತನ್ನಿ. ನೊರೆ ಪೂರಾ ಹೋಪವರಿಗೂ ನಾನ್ ನೀರ್ ಹೊಯ್ತೆ."