ದೀಪಶ್ರೀ ಅಳಿಸದ ನಲವತ್ತು ನಂಬರು

ಹಾನುಬಾಳಿನ ಹತ್ತಿರದ ಎಸ್ಟೇಟಿನಲ್ಲಿ, ಬೆಳಗ್ಗೆ ಏಳಕ್ಕೆ, ಕಾಫಿ ಗಿಡಗಳ ನಡುವೆ ಲಕ್ಕಯ್ಯ ಬಿದ್ದಿದ್ದ. ಕೆಲಸಕ್ಕೆ ಹೊರಟವನನ್ನು ಆನೆ ಎತ್ತಿ ಎಸೆದಿತ್ತು. ಜೀವವಿತ್ತು, ಸೊಂಟ ಮುರಿದಿತ್ತು.

ಆನೆ ಆರಕ್ಕೇ ಕಂಡಿತ್ತು. ಬೆಳೆಗಾರರ ಸಂಘದ ಕಂಪ್ಯೂಟರು ಮೊಬೈಲುಗಳಿಗೆ ಎಚ್ಚರಿಕೆಯನ್ನೂ ಕಳಿಸಿತ್ತು. ಅದು ಮಾಲೀಕರಿಗೆಲ್ಲ ಬಂತು. ಕೂಲಿಯವರ ಸಾಲುಮನೆಗಳ, ಅಂದರೆ ಲೈನಿನ, ನಲವತ್ತು ನಂಬರುಗಳಿಗೆ ಮಾತ್ರ ಬರಲಿಲ್ಲ.

ಟವರ್ ಕೆಟ್ಟಿರಬೇಕು ಎಂದರು ಸಂಘದವರು. ಆದರೆ ಆರೂಕಾಲಕ್ಕೆ ಅದೇ ಲೈನಿನಿಂದ ಎಸ್ಟೇಟಿನ ಲೆಕ್ಕ ಬರೆಯುವ ರೈಟರಿಗೆ ಫೋನ್ ಹೋಗಿತ್ತು. ಎಸ್ಸೈ ಏಕಾಂತಯ್ಯ ಜೀಪು ಹತ್ತಿದರು.

* * *

ಬಾಳ್ಳುಪೇಟೆಯ ಸಂಘದ ಆಫೀಸಿನಲ್ಲಿ ಪ್ರತಾಪ್ ಪ್ರಿಂಟ್ ತೆಗೆದೇ ಇಟ್ಟಿದ್ದ. ಎಚ್ಚರಿಕೆ ಕಳಿಸುವ ಪ್ರೋಗ್ರಾಂ ಬರೆದವರು ಇಬ್ಬರು, ಅವನು ಮತ್ತು ದೀಪಶ್ರೀ.

"ನೋಡಿ ಸಾರ್. ಮಾರ್ಚ್ ಒಂಬತ್ತು, ದೀಪಶ್ರೀ. ಪಟ್ಟಿ ಜೋಡಿಸೋವಾಗ ನಲವತ್ತೂ ಅಳಿಸ್ಬುಟ್ಟವ್ಳೆ."

ಏಕಾಂತಯ್ಯ ಅಳಿಸಿದ ಮೊದಲ ನಂಬರಿಗೇ ಫೋನ್ ಮಾಡಿದರು.

"ಯಾರಮ್ಮಾ?"

"ಮುನಿಯಮ್ಮ ಕಣ್ ಸಾಮಿ. ಲೈನಿನಾಗೆ ಇರೋದು. ದೀಪಶ್ರೀ ಅವ್ವ."

ಹೆತ್ತವಳನ್ನೇ ಆನೆಯ ದಾರಿಯಲ್ಲಿ ಬಿಟ್ಟವಳೇ? ಏಕಾಂತಯ್ಯನವರಿಗೆ ಮೈ ಉರಿಯಿತು.

* * *

ಮರುದಿನ ದೀಪಶ್ರೀಯನ್ನು ಅದೇ ಆಫೀಸಿಗೆ ಕರೆಸಿದರು. ಅತ್ತು ಅತ್ತು ಅವಳ ಕಣ್ಣು ಊದಿತ್ತು. ಸಂಘದವರು ಆಗಲೇ ಕೆಲಸದಿಂದ ತೆಗೆದಿದ್ದರು. ಲೈನಿನ ಜನ ಅವಳ ಅವ್ವನ ಜೊತೆ ಮಾತು ಬಿಟ್ಟಿದ್ದರು.

"ನಾನು ಹಾನುಬಾಳಲ್ಲಿ, ಇವ್ರು ಇಲ್ಲಿ, ಒಂದೇ ಪಟ್ಟಿನ ಬೇರೆ ಬೇರೆಯಾಗಿ ತಿದ್ದಿದ್ವಿ ಸಾರ್. ಮರ್ಜ್ ಮಾಡಿ, ಎರಡನ್ನೂ ಕೂಡಿಸಿ ಅಂದಿದ್ದೆ. ಹಂಗ್ ಮಾಡಿದ್ರೆ ಇಬ್ಬರು ತಿದ್ದಿದ್ದೂ ಹಂಗೇ ಉಳಿಯುತ್ತೆ, ಎಲ್ಲಿ ಸೇರ್ತು, ಯಾರು ಸೇರಿಸಿದ್ರು ಅಂತ ಎದ್ದು ಕಾಣುತ್ತೆ. ಇವ್ರು ರೀಬೇಸ್ ಮಾಡವ್ರೆ."

"ಹಂಗಂದ್ರೆ?"

"ನನ್ನ ಗಿಡ ಕಿತ್ತು ಇವ್ರ ಪಾತಿಲಿ ಮತ್ತೆ ನೆಡೋದು. ನೆಡೋವಾಗ ಇವ್ರು ರೆಂಬೆ ಕಡಿದ್ರೂ ಹೆಸರು, ತಾರೀಕು ನಂದೇ ಇರುತ್ತೆ."

"ನೇರವಾಗಿ ಒಂದೇ ಸಾಲಲ್ಲಿ ಕಾಣ್ಲಿ ಅಂತ ಮಾಡ್ದೆ," ಎಂದ ಪ್ರತಾಪ್. "ಅದು ತಪ್ಪಾ?"

"ಅದಲ್ಲ ತಪ್ಪು," ಎಂದಳು ದೀಪಶ್ರೀ. "ಯಾರು ಯಾವಾಗ ಏನ್ ಮಾಡಿದ್ರು ಅನ್ನೋ ಪೂರ್ತಿ ಲಾಗ್ ತೆಗೀತೀನಿ ಸಾರ್."

ಪರದೆಯ ಮೇಲೆ ಎರಡು ಹೆಸರು ಬಂದವು. ಬರೆದದ್ದು ದೀಪಶ್ರೀ, ಮಾರ್ಚ್ ಒಂಬತ್ತು. ಮತ್ತೆ ದಾಖಲು ಮಾಡಿದ್ದು ಪ್ರತಾಪ್, ಮಾರ್ಚ್ ಹದಿನಾಲ್ಕು. ಪ್ರಿಂಟಿನಲ್ಲಿ ಅವನು ಎರಡನೆಯ ಹೆಸರು ಬರದಂತೆ ನೋಡಿಕೊಂಡಿದ್ದ. ಕಿತ್ತು ನೆಡುವ ಮೊದಲಿನ ದೀಪಶ್ರೀಯ ಪ್ರತಿ ಅವನ ಕಂಪ್ಯೂಟರಿನಲ್ಲೇ ಇನ್ನೂ ಉಳಿದಿತ್ತು. ದೀಪಶ್ರೀ ಅದನ್ನು ತೆರೆದಳು. ನಲವತ್ತೂ ನಂಬರು ಅಲ್ಲಿದ್ದವು.

"ಎರಡು ಪಟ್ಟಿ ತಾಳೆ ಆಗ್ಲಿಲ್ಲ ಸಾರ್," ಪ್ರತಾಪನ ದನಿ ಇಳಿಯಿತು. "ಒಂದನ್ನ ಇಟ್ಕೊಬೇಕಿತ್ತು, ನನ್ನದನ್ನೇ ಇಟ್ಕೊಂಡೆ. ಮಾಲೀಕ್ರಿಗೆ ಹೋದ್ರೆ ಸಾಕು, ಅವ್ರು ಲೈನಿಗೆ ಹೇಳ್ತಾರೆ ಅನ್ಕೊಂಡೆ."

"ಯಾವ ಮಾಲೀಕ ಬೆಳಗ್ಗೆ ಆರಕ್ಕೆ ಎದ್ದು ಲೈನಿಗೆ ಓಡ್ತಾನೋ?" ಏಕಾಂತಯ್ಯ ಗದರಿದರು. " ಅದೂ ಇರ್ಲಿ. ಲಕ್ಕಯ್ಯ ಬಿದ್ದ ಮೇಲಾದ್ರೂ ಬಾಯಿ ಬಿಡ್ಬೋದಿತ್ತಲ್ಲ! ಪ್ರಿಂಟ್ ತೆಗ್ದು ಈ ಹುಡುಗಿ ತಲೆಗೆ ಕಟ್ಟಿದ್ಯಲ್ಲ!"

"ತಾಂತ್ರಿಕ ದೋಷ ಅಂತ ಬರ್ಕೊಳ್ಳಿ ಸಾರ್, ದಮ್ಮಯ್ಯ."

ಏಕಾಂತಯ್ಯ ಬಿಳಿ ಹಾಳೆಯನ್ನು ಅವನ ಮುಂದೆ ತಳ್ಳಿದರು.

"ನೀನೇ ಬರಿ. ಮೊದಲು ನಿನ್ನ ಹೆಸರು."