ಆಶ್‌ವೇಲ್‌ನ ಖಾಲಿ ಮನೆ

ಮೆಟ್ಟಿಲ ಮೇಲೆ ಅವನು ನಕ್ಕ. ಶೈಲಜಾಳಿಗೆ ಮೈಯೆಲ್ಲ ಉರಿದುಹೋಯಿತು.

ನಿನ್ನೆ ಗುರುವಾರವೂ ಹೀಗೆಯೇ ನಕ್ಕಿದ್ದ. ರವಿವಾರ ರಾಮದುರ್ಗದವರು ಅವಳನ್ನು ನೋಡಲು ಬರುವವರಿದ್ದರು. ಒಪ್ಪಿಗೆಯಾದರೆ ಅಲ್ಲೇ ಸಕ್ಕರಿ ಪುಡಾ ಕೊಟ್ಟು ಮಾತು ಗಟ್ಟಿ ಮಾಡಿಕೊಂಡು ಹೋಗುತ್ತಾರೆ. ಅದು ಗೊತ್ತಿದ್ದೂ ಈ ಸಿದ್ಧಾರೂಢ ತಲೆಯನ್ನು ಒಂದಿಷ್ಟು ಓರೆ ಮಾಡಿ, ಕಣ್ಣಂಚಿನಿಂದ ಅವಳನ್ನು ನೋಡಿ, ತುಟಿಯೊಳಗೇ ನಗುತ್ತಿದ್ದ. ಎರಡು ವರ್ಷ ಅವಳ ನಿದ್ದೆ ಕದ್ದ ನಗು ಅದು. ಇಂದು ಅದನ್ನು ಕಂಡರೆ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು.

"ತಗೋರಿ ನಿಮ್ಮ ಆಟ," ಎಂದು ಸಿ.ಡಿ. ಡಬ್ಬಿಯನ್ನು ಅವನ ಎದೆಗೆ ಒತ್ತಿದಳು.

"ಯಾಕ್ರಿ ಮೇಡಮ್ಮಾರ, ಆಟ ಸೇರ್ಲಿಲ್ಲೇನು?"

"ಆಟಾನೂ ಸೇರ್ಲಿಲ್ಲ, ತಂದವರೂ ಸೇರ್ಲಿಲ್ಲ."

ಬೈಲಹೊಂಗಲದ ಪೇಟೆಯಲ್ಲಿ, ಸ್ಟೇಷನರಿ ಅಂಗಡಿಯೊಂದರ ಮೇಲೆ ನಿಜಗುಣಪ್ಪ ಮಾಸ್ತರರ ಕಂಪ್ಯೂಟರ್ ಸೆಂಟರ್. ಮುಂಜಾನೆಯ ಬ್ಯಾಚಿಗೆ ಶೈಲಜಾ ಕಲಿಸುತ್ತಿದ್ದಳು, ಮಧ್ಯಾಹ್ನದ ಬ್ಯಾಚಿಗೆ ಎಂ.ಕೆ. ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬರುವ ಸಿದ್ಧಾರೂಢ. ಆರು ಮಷೀನುಗಳಲ್ಲಿ ದೊಡ್ಡ ಆಟ ಓಡುತ್ತಿದ್ದದ್ದು ಕಿಟಕಿ ಪಕ್ಕದ ಒಂದರಲ್ಲಿ ಮಾತ್ರ. ಹನ್ನೆರಡರಿಂದ ಒಂದರವರೆಗೆ ಅವಳು ಆಡುವುದು, ಒಂದರಿಂದ ಎರಡರವರೆಗೆ ಅವನು. ನಡುವೆ ಮೆಟ್ಟಿಲ ಮೇಲೆ ನಾಲ್ಕು ಮಾತು, ಅಷ್ಟೇ. ಅಂಗಡಿಯವನ ಕಿವಿ ಸದಾ ಆ ಮೆಟ್ಟಿಲಿಗೇ ಅಂಟಿಕೊಂಡಿರುತ್ತಿತ್ತು.

ಆಟದ ಹೆಸರು ಆಶ್‌ವೇಲ್. ೨೦೦೪ರಲ್ಲಿ ಅದು ಸೆಂಟರಿಗೆ ಬಂದಾಗ ಇಬ್ಬರಿಗೂ ಹುಚ್ಚು ಹಿಡಿದಿತ್ತು. ಒಂದು ಇಡೀ ದೇಶವೇ ಅದರೊಳಗಿತ್ತು. ಹೊಲ, ಹೊಳೆ, ಕೋಟೆ, ಸಂತೆ, ಎಲ್ಲಿಗೆ ಬೇಕಾದರೂ ಹೋಗಬಹುದು, ಆದರೆ ದಾರಿಯನ್ನು ಜನರನ್ನು ಕೇಳಿಯೇ ಹೋಗಬೇಕು. ಇಬ್ಬರಿಗೂ ಸೇರಿ ಒಬ್ಬಳೇ ನಾಯಕಿ, ಕತ್ತಿ ಹಿಡಿದ ಗಟ್ಟಿಗಿತ್ತಿ. ಸೆಂಟರಿನಲ್ಲಿ ಕಸ ಹೊಡೆಯುತ್ತ ಪೋರರನ್ನು ಪೊರಕೆಯಿಂದಲೇ ಓಡಿಸುವ ಗುರವ್ವನ ಹೆಸರನ್ನೇ ಅವಳಿಗೂ ಇಟ್ಟಿದ್ದರು.

ಆಟದ ಆ ಗುರವ್ವನಿಗೆ ಹೊಳೆಯ ದಂಡೆಯಲ್ಲಿ ಒಂದು ಮನೆ. ಅಲ್ಲಿ ಇಟ್ಟದ್ದು ಇಟ್ಟಲ್ಲೇ ಇರುತ್ತಿತ್ತು. ಹಾಗಾಗಿ ಆ ಮನೆಯೇ ಅವರ ಪತ್ರವಾಯಿತು. ಕಿಟಕಿಯಲ್ಲಿ ಮೂರು ಉಳ್ಳಾಗಡ್ಡಿ ಇದ್ದರೆ ಕರೆಂಟ್ ಹೋಗಿತ್ತು, ಆಡಲಿಲ್ಲ ಎಂದು. ಬಟ್ಟಲು ಬೋರಲಿದ್ದರೆ ಸಿಟ್ಟು ಬಂದಿದೆ ಎಂದು. ಒಮ್ಮೆ ಶೈಲಜಾ ನಾಲ್ಕು ದಿನ ಬಟ್ಟಲನ್ನು ನೆಟ್ಟಗೆ ಮಾಡಿರಲಿಲ್ಲ. ಐದನೆಯ ದಿನ ಹೋಗಿ ನೋಡಿದರೆ ಅದರ ಸುತ್ತ ಇಪ್ಪತ್ತಾರು ಹೂವು. ಆ ದಿನ ಅವಳು ಕೈಯಲ್ಲಿ ಹಿಡಿದ ಚಹಾ ಆರಿಹೋಗುವ ತನಕ ಪರದೆಯನ್ನೇ ನೋಡುತ್ತ ಕುಳಿತಿದ್ದಳು.

ಅಂಥ ಆಟಕ್ಕೆ ಎರಡನೆಯ ಭಾಗ ಬರುತ್ತದೆಂದು ಇಬ್ಬರೂ ಎರಡು ವರ್ಷ ಕಾದರು. ಹೋದ ವಾರ ಸಿದ್ಧಾರೂಢ ಬೆಳಗಾವಿಯಿಂದ ಸಿ.ಡಿ. ತಂದ. ಏನು ಬಂತು? ಮಣ್ಣು ಬಂತು. ಪರದೆಯ ಮೇಲೊಂದು ಬಾಣ, ಚಿಕ್ಕ ಮಕ್ಕಳನ್ನು ಸಾಲೆಗೆ ಎಳೆದುಕೊಂಡು ಹೋದಂತೆ ಎಲ್ಲಿಗೆ ಹೋದರೂ ಎಳೆಯುತ್ತಿತ್ತು. ಯಾರನ್ನೂ ಏನೂ ಕೇಳಬೇಕಾಗಿಲ್ಲ, ಕೇಳಿದರೂ ನಲವತ್ತು ಊರಿನ ಜನರ ಬಾಯಲ್ಲಿ ಅದೇ ಮೂರು ಮಾತು. ಹೊಳೆ ಕನ್ನಡಿಯಂತೆ ಹೊಳೆಯುತ್ತಿತ್ತು, ದಂಡೆಯಲ್ಲಿ ಬಟ್ಟೆ ಒಗೆಯುವವರು ಒಬ್ಬರೂ ಇರಲಿಲ್ಲ. ಹಳೆಯ ಮನೆ ಒಂದೇ ಉಳಿದಿತ್ತು, ಅದೂ ಸೋಮವಾರವಷ್ಟೇ ಸಿಕ್ಕಿತು.

ಮಂಗಳವಾರ ಮೆಟ್ಟಿಲ ಮೇಲೆ ಶೈಲಜಾ ಗಟ್ಟಿ ಮನಸ್ಸು ಮಾಡಿ ಹೇಳಿದ್ದಳು, "ರವಿವಾರ ರಾಮದುರ್ಗದವರು ಬರಾಕ ಹತ್ತ್ಯಾರ. ನಾ ಅವರಿಗೆ ಏನ್ ಹೇಳ್ಲಿ?"

ಅವನ ಮುಖ ಬಿಳಚಿಕೊಂಡಿತು. ಹಿಂದೆ ಹುಡುಗರು ದಡದಡ ಹತ್ತಿ ಬರುತ್ತಿದ್ದರು. "ನಾಳೆ ಮನ್ಯಾಗ ನೋಡ್ರಿ," ಎಂದವನೇ ಮೇಲೆ ಓಡಿದ. ಯಾವ ಮನೆ ಎಂದು ಅವಳು ಕೇಳಬೇಕಾಗಿರಲಿಲ್ಲ.

ಬುಧವಾರ ಬಾಗಿಲು ತೆರೆದಳು. ಮೇಜು ಖಾಲಿ, ಕಿಟಕಿ ಖಾಲಿ. ಮಂಚದ ಕೆಳಗೂ ಬಗ್ಗಿ ನೋಡಿದಳು. ಒಂದು ಉಳ್ಳಾಗಡ್ಡಿಯೂ ಇರಲಿಲ್ಲ. ಗುರುವಾರವೂ ಅಷ್ಟೇ. ಮೇಲಿಂದ ಈ ನಗು.

"ನಗಬ್ಯಾಡ್ರಿ," ಎಂದಳು ಈಗ. "ಇಲ್ಲ ಅನ್ನೂದಿದ್ರ ಒಂದ ಬಟ್ಟಲಾ ಬೋರಲ ಹಾಕಿದ್ರೂ ಸಾಕಿತ್ತು. ಖಾಲಿ ಮನಿ ತೋರಿಸಿ ಎರಡ ದಿನದಿಂದ ನಗಾಕ ಹತ್ತೀರಿ. ಎಂಥಾ ಮನಶ್ಯಾರ್ರಿ ನೀವು?"

ನಗು ಅರ್ಧಕ್ಕೇ ನಿಂತಿತು. "ಖಾಲಿ ಇತ್ತಾ? ನೀವ ತಗೊಂಡೀರಿ ಅಂತ ತಿಳಕೊಂಡೇನಲ್ಲ ನಾ."

"ಏನ್ ತಗೊಂಡೇನಿ?"

ಅವನ ಕಿವಿ ಕೆಂಪಾದವು. "ಉಡಿ," ಎಂದ ಮೆಲ್ಲಗೆ. "ಸೊಸಿ ಆಗಾಕಿಗೆ ತುಂಬತಾರಲ್ಲ, ಅದು. ಮೇಜಿನ ಮ್ಯಾಲ ಕೆಂಪು ಬಟ್ಟಿ ಹಾಸಿದ್ದೆ, ಖಣ ಅಂತ ತಿಳೀರಿ. ಐದ ಹಿಡಿ ಗೋದಿ, ಐದ ಸೇಬು. ಆ ದೇಶದಾಗ ತೆಂಗಿನಕಾಯಿ ಎಲ್ಲಿ ಸಿಗಬೇಕು, ಅದಕ್ಕ ಅಕ್ರೋಟ ಇಟ್ಟೆ. ಅದನ್ನ ಹುಡುಕಾಕ ಮೂರ ಕ್ವಾಟಿ ತಿರಗೇನಿ. ಬುಧವಾರ ನಿಮ್ಮ ಹಿಂದ ಹೋಗಿ ನೋಡಿದ್ರ ಏನೂ ಇರ್ಲಿಲ್ಲ. ಉಡಿ ತಗೊಂಡ್ರು, ಒಪ್ಪಿದ್ರು ಅಂದಕೊಂಡೆ."

ಶೈಲಜಾ ತಿರುಗಿ ಮೆಟ್ಟಿಲು ಹತ್ತಿದಳು. ಸಿ.ಡಿ. ಹಿಡಿದುಕೊಂಡು ಅವನು ಹಿಂದೆ ಹೋದ. ಕಿಟಕಿ ಪಕ್ಕದ ಮಷೀನಿನಲ್ಲಿ ಗುರವ್ವನನ್ನು ಮನೆಗೆ ಕರೆತಂದು ಮೇಜಿನ ಮೇಲೆ ಒಂದು ಸೇಬು ಇಟ್ಟಳು. ಬಾಗಿಲ ಹೊರಗೆ ಹೋಗಿ ಮತ್ತೆ ಒಳಗೆ ಬಂದಳು. ಸೇಬಿಲ್ಲ. ಚಾಕು ಇಟ್ಟಳು, ಹೊರಗೆ ಹೋಗಿ ಬಂದಳು. ಚಾಕುವಿಲ್ಲ. ಮೂರನೆಯ ಸಲ ಇಟ್ಟ ದೀಪವೂ ಹೋಯಿತು.

"ಇಟ್ಟಿದ್ದೆಲ್ಲಾ ಕಸಾ ಹೊಡದಂಗ ಹೊಡದ ಹಾಕ್ಯಾರ," ಎಂದ ಸಿದ್ಧಾರೂಢ.

ಮೂಲೆಯಲ್ಲಿ ನಿಜವಾದ ಗುರವ್ವ ಪೊರಕೆ ನಿಲ್ಲಿಸಿ ತಲೆ ಎತ್ತಿದಳು. "ನಾ ಹಂಗ ಕೇಳದ ಏನೂ ಒಗಿಯೂದಿಲ್ಲಪಾ," ಎಂದಳು.

ಶೈಲಜಾಳಿಗೆ ಕಣ್ಣು ತುಂಬಿ ಬಂದವು, ಸಿಟ್ಟಿಗೆ. ಎಷ್ಟು ಜನ ಕೂತು ಎಷ್ಟು ವರ್ಷ ಮಾಡಿದ ಆಟವೋ ಏನೋ, ಒಂದು ಸೇಬನ್ನು ಇಟ್ಟಲ್ಲಿ ಇರಗೊಡಲು ಅವರಿಗೆ ಆಗಲಿಲ್ಲ. ರವಿವಾರ ಅವಳು ಯಾರದೋ ಕೈಯಿಂದ ಸಕ್ಕರೆ ತಿಂದು ರಾಮದುರ್ಗದ ಸೊಸೆಯಾಗಿಬಿಡುತ್ತಿದ್ದಳು, ಈ ಹಾಳು ಮೇಜಿನ ದೆಸೆಯಿಂದ.

"ಹೋಗ್ಲಿ ಬಿಡ್ರಿ," ಎಂದ ಅವನು. "ನಾ ಅವ್ವಗ ಹೇಳೇನಿ. ನಾಳೆ ನಿಮ್ಮ ಮನಿಗೆ ಬರತಾಳ."

ಶೈಲಜಾ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. "ನನ್ನ ಕೇಳದನ?"

"ಕೇಳಿದ್ನಲ್ಲಾ..."

"ನನ್ನ ಕೇಳಿಲ್ಲ. ಮಷೀನಿಗೆ ಕೇಳೀರಿ. ಅದು ಅಳಿಸಿ ಒಗೀತು. ಅದನ್ನ ನನ್ನ ಉತ್ತರಾ ಅಂತ ಅವ್ವಗ ಹೋಗಿ ಹೇಳೀರಿ. ನಾ ನಿಮಗ ಮೆಟ್ಟಲ ಮ್ಯಾಲ ನಿಂತು, ಮರ್ಯಾದಿ ಬಿಟ್ಟು, ಬಾಯಿ ತೆರದ ಕೇಳಿದ್ದೆ. ನಿಮಗೂ ಬಾಯಿ ಐತಲ್ರಿ?"

ಬಾಗಿಲಲ್ಲಿ ಎರಡು ಗಂಟೆಯ ಬ್ಯಾಚಿನವರು ಬಂದು ನಿಂತಿದ್ದರು, ಹನ್ನೆರಡು ಮಂದಿ. ಸಿದ್ಧಾರೂಢ ಅವರನ್ನು ನೋಡಿದ. ಆಮೇಲೆ ಅವಳನ್ನು ನೋಡಿದ. ಈ ಸಲ ಕಣ್ಣಂಚಿನಿಂದಲ್ಲ, ನೇರವಾಗಿ.

"ಶೈಲಾ," ಎಂದ. ಮೇಡಮ್ಮಾರ ಎನ್ನದೆ ಕರೆದದ್ದು ಅದೇ ಮೊದಲು. "ನೀವಂದ್ರ ನನಗ ಜೀವ. ನನ್ನ ಮದಿವಿ ಆಗತೀರೇನು?"

ಕೆಳಗಿನ ಅಂಗಡಿಯವನಿಗೂ ಕೇಳುವಷ್ಟು ಗಟ್ಟಿಯಾಗಿ ಕೇಳಿದ.

"ಆಗತೇನಿ," ಎಂದಳು ಅವಳು, ಹುಬ್ಬು ಗಂಟಿಕ್ಕಿಕೊಂಡೇ. "ಆದ್ರ ಸಿಟ್ಟ ಇಳದಿಲ್ಲ."

"ಇರಲಿ. ಬಟ್ಟಲಾ ಬೋರಲ ಇರಲಿ. ನಾ ಹೂವಾ ಇಡಕೋಂತ ಇರತೇನಿ."

ಆ ಸಂಜೆ ಅವಳ ಅಪ್ಪ ಬಸಲಿಂಗಪ್ಪ ರಾಮದುರ್ಗದವರಿಗೆ ಏನು ಮುಖ ತೋರಿಸಲಿ ಎಂದು ಮನೆಯೆಲ್ಲ ಒಂದಾಗುವಂತೆ ಕೂಗಾಡಿದರು. ಮಗಳು ಅವರಿಗಿಂತ ಒಂದು ಕೈ ಮೇಲೆಯೇ ಕೂಗಾಡಿದಳು. ಶನಿವಾರ ಮುಂಜಾನೆ ಅವರೇ ಫೋನ್ ಮಾಡಿ, ಬರುವುದು ಬೇಡ ಎಂದು ರಾಮದುರ್ಗಕ್ಕೆ ತಿಳಿಸಿದರು.

ಮಧ್ಯಾಹ್ನ ಸಿದ್ಧಾರೂಢನ ತಾಯಿ ಸಿದ್ದಲಿಂಗವ್ವ ಮಗನ ಜೊತೆ ಬಂದು, ಶೈಲಜಾಳನ್ನು ಮಣೆಯ ಮೇಲೆ ಕೂಡಿಸಿ ಉಡಿ ತುಂಬಿದರು. ಅಕ್ಕಿ, ಐದು ಅರಿಷಿಣ ಬೇರು, ಐದು ಉತ್ತತ್ತಿ, ಹಸಿರು ಖಣ, ಒಂದು ತೆಂಗಿನಕಾಯಿ. ಸೆರಗು ಭಾರವಾಗಿ ಜಗ್ಗಿತು.

ಅದನ್ನು ಒಳಗೆ ಒಯ್ದು, ಕಾಯಿಯನ್ನು ಅಡುಗೆಮನೆಯ ಗೋಡೆಯ ಮಾಡದಲ್ಲಿ ಇಟ್ಟಳು. ಹೊಸ್ತಿಲು ದಾಟಿ ಹಿತ್ತಲಿಗೆ ಹೋಗಿ ನಳದ ಹತ್ತಿರ ಒಂದು ಗಳಿಗೆ ನಿಂತಳು. ತಿರುಗಿ ಒಳಗೆ ಬಂದಳು.

ಕಾಯಿ ಇಟ್ಟಲ್ಲೇ ಇತ್ತು.

ಪಕ್ಕದಲ್ಲಿ ತೊಳೆದು ಬೋರಲು ಹಾಕಿದ್ದ ಬಟ್ಟಲೊಂದಿತ್ತು. ಅದನ್ನು ಎತ್ತಿ ನೆಟ್ಟಗೆ ಇಟ್ಟಳು. ಪಡಸಾಲೆಯಿಂದ ಅದನ್ನೇ ನೋಡುತ್ತಿದ್ದ ಸಿದ್ಧಾರೂಢ ತಲೆಯನ್ನು ಒಂದಿಷ್ಟು ಓರೆ ಮಾಡಿ ತುಟಿಯೊಳಗೇ ನಕ್ಕ. ಈ ಸಲ ಅವಳು ನಗಬೇಡಿ ಎನ್ನಲಿಲ್ಲ.