ಮದ್ದಿನಮನೆಯ ಒಲೆ ಆರಿದ್ದು

ಬಹಳ ಹಿಂದೆ, ಕುಂಕುಮಗಿರಿ ಎಂಬ ರಾಜ್ಯದಲ್ಲಿ, ನಿದ್ದೆಯನ್ನೇ ಮರೆತ ಹೆಂಗಸೊಬ್ಬಳಿದ್ದಳು. ಹೆಸರು ಸಿಂಗಾರವ್ವ. ಅರಮನೆಯ ಮದ್ದಿನಮನೆಯಲ್ಲಿ ಕಷಾಯ ಕುದಿಸುವುದು ಅವಳ ಕೆಲಸ. ಅಲ್ಲಿನ ಒಲೆಯನ್ನು ಅವಳ ಮುತ್ತಜ್ಜಿಯ ಕಾಲದಿಂದ ಯಾರೂ ಆರಿಸಿರಲಿಲ್ಲ. ಆರಿಸಿದರೆ ಮನೆತನ ಹಾಳಾಗುತ್ತದೆ ಎಂದು ನಂಬಿದ್ದರು. ಅದನ್ನು ಕಾಯುವುದರಲ್ಲೇ ಅವಳ ರಾತ್ರಿಗಳೆಲ್ಲ ಕಳೆಯುತ್ತಿದ್ದವು.

ಆ ವರ್ಷ ಊರಿಗೆಲ್ಲ ಜ್ವರ ಬಂತು. ಸಿಂಗಾರವ್ವನ ಮಗಳು ನೀಲಿಯೂ ಹಾಸಿಗೆ ಹಿಡಿದಳು. ಎಷ್ಟು ಅಮೃತಬಳ್ಳಿ ಕುದಿಸಿದರೂ ಕಷಾಯದಲ್ಲಿ ಕಹಿಯೇ ಇಲ್ಲ, ಬರೀ ಬಿಸಿನೀರು! ಸಿಂಗಾರವ್ವ ತಲೆಯೆತ್ತಿ ನೋಡಿದಳು. ಹಬೆ ಗವಾಕ್ಷಿಯಿಂದ ಹೊರಬಿದ್ದು ನೇರ ಎದುರು ಬೆಟ್ಟಕ್ಕೆ ಹೋಗುತ್ತಿತ್ತು. ಅಲ್ಲಿ ಧೂಮಾಂಗನೆಂಬ ಮಾಂತ್ರಿಕ ಬಾಯಿ ತೆರೆದು ಕೂತು, ಬಳ್ಳಿಯ ಸತ್ವವನ್ನೆಲ್ಲ ಹಬೆಯ ಜೊತೆ ಕುಡಿದು ಕೊಬ್ಬುತ್ತಿದ್ದ. ದುಡಿಯುವವಳು ಇವಳು, ತೇಗುವವನು ಅವನು!

ಮೊದಲು ಮುಚ್ಚಳಕ್ಕೆ ಕಣಕ ಮೆತ್ತಿ ಕುದಿಸಿದಳು. ಮಡಕೆಯೇ ಸಿಡಿಯಿತು. ಆಮೇಲೆ ಒರಳಲ್ಲಿ ಕುಟ್ಟಿದಳು. ಕುಟ್ಟಿ ಕುಟ್ಟಿ ಕಲ್ಲು ಕಾದು, ಅಲ್ಲಿಂದಲೂ ಹಬೆ ಎದ್ದು ಬೆಟ್ಟಕ್ಕೆ ಹೋಯಿತು. ಕೊನೆಗೆ ಹಂಡೆಯ ತಣ್ಣೀರಲ್ಲಿ ನೆನೆಹಾಕಿದಳು. ಬಳ್ಳಿ ತನ್ನ ಸತ್ವವನ್ನು ಬಿಡಲೇ ಇಲ್ಲ. ಅವಳ ರಟ್ಟೆ ಬಿದ್ದುಹೋಗಿತ್ತು. ಅಳುವುದಕ್ಕೂ ತ್ರಾಣವಿಲ್ಲದೆ ಮೊಣಕಾಲಿಗೆ ತಲೆಯಾನಿಸಿ ಕೂತಳು.

ಆಗ ಮಾಡಿನಲ್ಲಿ ತಲೆಕೆಳಗಾಗಿ ಜೋತಿದ್ದ ಮುದಿ ಬಾವಲಿ ಮಾತಾಡಿತು. "ಏನವ್ವಾ, ಸೋತೆಯಾ?"

"ಸೋತೆ ಕಣಪ್ಪಾ. ನಿನಗೇನು, ನೇತಾಡಿಕೊಂಡಾದರೂ ನಿದ್ದೆ ಮಾಡ್ತೀಯ."

"ನಿಮ್ಮ ಕಿವಿಗೆ ಕೇಳದ ಕೂಗೊಂದು ನಮಗಿದೆ. ಅದು ನೀರನ್ನ ನಡುಗಿಸುತ್ತೆ. ನೀರು ನಡುಗಿದರೆ ಬಳ್ಳಿಯ ನಾರು ನಾರೂ ಬಿರಿದು ಸತ್ವ ಬಿಡುತ್ತೆ. ಬೆಂಕಿಯೇ ಬೇಡ. ಆದರೆ ನಿನ್ನ ಒಲೆಯ ಹೊಗೆಗೆ ನಮ್ಮ ಗಂಟಲು ಕಟ್ಟಿಹೋಗಿದೆ. ಮೊದಲು ಅದನ್ನ ಆರಿಸು."

"ಮುತ್ತಜ್ಜಿ ಹಚ್ಚಿದ ಬೆಂಕಿ ಅದು! ಆರಿಸಿದರೆ ಮನೆತನ ಉಳಿಯಲ್ಲ."

"ಒಳಗೆ ಮಲಗಿರೋ ಮಗು ಬಿಟ್ಟರೆ ನಿನಗೆ ಇನ್ಯಾವ ಮನೆತನವವ್ವಾ?"

ಸಿಂಗಾರವ್ವ ಬಹಳ ಹೊತ್ತು ಒಲೆಯನ್ನೇ ನೋಡಿದಳು. ಆಮೇಲೆ ಕೊಡವೆತ್ತಿ ನೀರು ಸುರಿದುಬಿಟ್ಟಳು.

ಹೊಗೆ ತಿಳಿಯಾಯಿತು. ಬಾವಲಿಗಳೆಲ್ಲ ಇಳಿದುಬಂದು ಹಂಡೆಯ ಸುತ್ತ ಬಾಯಿ ತೆರೆದವು. ಏನೂ ಕೇಳಿಸಲಿಲ್ಲ. ನೀರಿನಲ್ಲಿ ಸಣ್ಣ ಸಣ್ಣ ಗುಳ್ಳೆಗಳೆದ್ದವು, ಅಷ್ಟೇ. ನೀರು ತಣ್ಣಗೇ ಇತ್ತು, ಬಣ್ಣ ಮಾತ್ರ ಹಸಿರಾಯಿತು. ಅವಳು ಒಂದು ಹನಿ ನಾಲಿಗೆಗೆ ಮುಟ್ಟಿಸಿದಳು. ಕಹಿ! ಈಗ ಅಳು ಬಂತು.

ಹಬೆಯಿಲ್ಲದೆ ಮಾಂತ್ರಿಕ ಸೊರಗಿ ಸೊರಗಿ ಒಣಗಿ ಗಾಳಿಗೆ ಹಾರಿಹೋದ. ಆ ಮದ್ದು ಕುಡಿದು ಊರಿನ ಜ್ವರ ಇಳಿಯಿತು. ನೀಲಿ ಎದ್ದು ಗಂಜಿ ಕೇಳಿದಳು.

ಸನ್ಮಾನ ಮಾಡಲೆಂದು ರಾಜ ಪಲ್ಲಕ್ಕಿ, ವಾದ್ಯಗಳ ಸಮೇತ ಬಂದ. ನೀಲಿ ಬಾಗಿಲಿಗೆ ಬಂದು ತುಟಿಯ ಮೇಲೆ ಬೆರಳಿಟ್ಟಳು.

"ಅವ್ವ ಮಲಗಿದಾಳೆ, ಪ್ರಭೂ. ಆಮೇಲೆ ಬನ್ನಿ."

ರಾಜ ಪಾದರಕ್ಷೆಗಳನ್ನು ಕೈಯಲ್ಲಿ ಹಿಡಿದು ಸದ್ದಿಲ್ಲದೆ ಹಿಂದಿರುಗಿದ. ಊರಿಗೆ ಊರೇ ಸುಖವಾಗಿತ್ತು, ಆದರೆ ಅಂದು ಯಾರೂ ಗಟ್ಟಿಯಾಗಿ ನಗಲಿಲ್ಲ.